ಆಟ ಮಾರಿತೋ, ಬಂದೂಕು ಮಾರಿತೋ?

(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಕುಮಾರವ್ಯಾಸನ ವಿಷಯವೋ, ಶರಣರ ವಚನಗಳ ವಿಷಯವೋ ಮಾತಾಗುವುದು ವಾಡಿಕೆ. ಇಂದು ನಾನು ಮಕ್ಕಳಾಡುವ ವಿಡಿಯೋ ಗೇಮ್ ಯಂತ್ರದ ವಿಷಯ ಹೇಳಹೊರಟಿದ್ದೇನೆ. ಹಿರಿಯರು ಕೆಲವರು ಈಗಾಗಲೇ ನಗುತ್ತಿರುವುದು ಕಾಣುತ್ತದೆ. ನಗಲಿ, ಆದರೆ ಕಾರಣವನ್ನು ಮೊದಲು ಕೇಳಬೇಕು.

ಹೋದ ತಿಂಗಳು ಬುಟಿಬೋರಿಯ ಕಾರಖಾನೆಯೊಂದರಲ್ಲಿ ಕೆಲಸ ಮಾಡುವ, ಕಲಬುರ್ಗಿ ಕಡೆಯ ನಮ್ಮ ತರುಣರೊಬ್ಬರು ಪತ್ರಿಕೆ ಓದಲು ಬಂದಿದ್ದರು. ಓದಿದ ಪತ್ರಿಕೆಯನ್ನು ಮಡಿಸಿಟ್ಟು ನನ್ನ ಬಳಿ ಬಂದು ಕುಳಿತರು. “ಕಾಕಾ, ನಿಮ್ಮನ್ನ ಒಂದು ಮಾತು ಕೇಳಬೇಕಾಗಿತ್ರಿ” ಎಂದರು. ದೀಪಾವಳಿಯ ಬೋನಸ್ಸು ಬರುವುದಿದೆ. ಏಳನೇ ಇಯತ್ತೆಯ ಮಗ ಆಟದ ಯಂತ್ರಕ್ಕಾಗಿ ಹಟ ಹಿಡಿದಿದ್ದಾನೆ. ಇವರು ಅಂಗಡಿಗೆ ವಿಚಾರಿಸಲು ಹೋದರೆ ಅಂಗಡಿಯವನು, “ಬರೀ ಯಂತ್ರ ಒಯ್ದು ಏನು ಮಾಡುತ್ತೀರಿ ಸಾಹೇಬ? ಕಾರಿನ ಆಟಕ್ಕೆ ಸ್ಟಿಯರಿಂಗ್ ಚಕ್ರ, ಕಿವಿಗೆ ಹೆಡ್‌ಫೋನು, ರಿಮೋಟು ನಿಲ್ಲಿಸುವ ಸ್ಟ್ಯಾಂಡು, ಎಲ್ಲ ಕೂಡಿಸಿ ಕಂತಿನ ಮೇಲೆ ಕೊಡುತ್ತೇನೆ” ಎಂದನಂತೆ. ಆಟಗಳು ಎಂದು ಕೇಳಿದರೆ, “ಆಟ ಆಮೇಲೆ ನೋಡಿಕೊಂಡರಾಯಿತು” ಎಂದನಂತೆ.

“ಏನ್ ಮಾಡಬೇಕ್ರಿ ಕಾಕಾ?” ಎಂದು ಅವರು ಕೇಳಿದರು. ವರ್ಷಕ್ಕೊಮ್ಮೆ ಕೈಗೆ ಬರುವ ಹಣ. ಅದರಲ್ಲಿ ಊರಿಗೂ ಕಳಿಸಬೇಕು. ಇಂಥ ಹಣದ ಪ್ರಶ್ನೆಗೆ ನಿಂತ ಕಾಲ ಮೇಲೆ ಉತ್ತರ ಹೇಳುವುದು ನನಗೆ ಸರಿ ಕಾಣಲಿಲ್ಲ. ನಾನು ರೈಲ್ವೆಯ ಲೆಕ್ಕದ ಗುಮಾಸ್ತನಾಗಿ ಇದೇ ನಾಗಪುರದಲ್ಲಿ ವಯಸ್ಸು ಕಳೆದವನು. ಪ್ರಶ್ನೆಯನ್ನು ನನಗೆ ತಿಳಿಯುವ ರೀತಿಗೆ ತಿರುಗಿಸಿಕೊಂಡೆ: ಇಂಥ ಯಂತ್ರಗಳು ಮಾರಾಟವಾಗುವುದು ಆಟಗಳ ಬಲದಿಂದಲೋ, ಜೊತೆಸಾಮಾನುಗಳ ಬಲದಿಂದಲೋ? ಯಾವುದನ್ನು ನಂಬಿ ಲೋಕದ ಜನ ಹಣ ಕೊಟ್ಟರು, ಯಾವುದನ್ನು ನಂಬಿ ಕೆಟ್ಟರು? ಇದು ತಿಳಿದರೆ ನಮ್ಮ ತರುಣರ ಬೋನಸ್ಸು ಎಲ್ಲಿ ಹೋಗಬೇಕೆಂಬುದೂ ತಿಳಿದೀತು.

ಈ ಪ್ರಶ್ನೆ ಹೊಸದೇನೂ ಅಲ್ಲ. ಗ್ರಾಮಫೋನನ್ನು ನೆನೆಸಿಕೊಳ್ಳಿ. ೧೯೦೨ರಲ್ಲಿ ಗೈಸ್ಬರ್ಗ್ ಎಂಬ ಧ್ವನಿಮುದ್ರಕ ಕಲಕತ್ತೆಗೆ ಬಂದು ಗೌಹರ್ ಜಾನಳ ಹಾಡುಗಳನ್ನು ಹಿಡಿದುಕೊಂಡು ಹೋದ. ಆ ಮಹಾಗಾಯಕಿ ಕೊನೆಗಾಲಕ್ಕೆ ನಮ್ಮ ಮೈಸೂರಿಗೆ ಬಂದಳು. ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಗೆ ಅರಮನೆಯಲ್ಲಿ ಆಶ್ರಯ ಕೊಟ್ಟರು. ೧೯೩೦ರ ಜನವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಆ ಕಾಲದ ಗ್ರಾಮಫೋನಿಗೆ ಉಕ್ಕಿನ ಮುಳ್ಳು ಬೇಕಾಗಿತ್ತು. ಒಂದು ಮಗ್ಗುಲು ಮುಗಿದರೆ ಮುಳ್ಳು ಬದಲಿಸಬೇಕು. ಮುಳ್ಳುಗಳು ಚಂದದ ಚಿತ್ರವಿರುವ ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದವು. ಮುಳ್ಳಿಲ್ಲದೆ ಹಾಡಿಲ್ಲ ನಿಜ. ಆದರೆ ಮುಳ್ಳಿನ ಡಬ್ಬಿ ನೋಡಿ ಗ್ರಾಮಫೋನು ಕೊಂಡವರು ಯಾರಾದರೂ ಇದ್ದರೇ? ಪ್ಲೇಟಿನಲ್ಲಿದ್ದ ಕಂಠಕ್ಕಾಗಿ ಕೊಂಡರು. ನಮ್ಮ ಕಣ್ಣೆದುರಿನ ಸಂಗತಿ ಬೇಕೆಂದರೆ, ೧೯೮೭ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಆರಂಭವಾಯಿತು. ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದ ಮನೆಯಲ್ಲಿ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ. ಪರರ ಮನೆಯ ಹೊಸಿಲಲ್ಲಿ ಎಷ್ಟು ವಾರ ನಿಲ್ಲುವುದೆಂದು ಸಾಲ ಮಾಡಿ ಟಿ.ವಿ. ತಂದವರು ಈ ಸಭೆಯಲ್ಲಿಯೇ ಇದ್ದಾರೆ. ಅವರು ತಂದದ್ದು ರಾಮನಿಗಾಗಿ, ಟಿ.ವಿ.ಯ ಮೇಲೆ ಹೊದಿಸುವ ಕಸೂತಿ ಬಟ್ಟೆಗಾಗಿ ಅಲ್ಲ.

ಆಟದ ಯಂತ್ರದ ಕಥೆಯೂ ಹೀಗೆಯೇ ಮುಗಿಯುವುದಾದರೆ ನಾನು ಇಷ್ಟು ಮಾತನಾಡುವ ಅಗತ್ಯವಿರಲಿಲ್ಲ. ಅದರಲ್ಲಿ ಒಂದು ತೊಡಕಿದೆ.

ಅಮೆರಿಕದಲ್ಲಿ ಅಟಾರಿ ಎಂಬ ಕಂಪನಿ ೧೯೭೭ರಲ್ಲಿ ಮನೆಯ ಟಿ.ವಿ.ಗೆ ಜೋಡಿಸುವ ಯಂತ್ರವನ್ನು ಮಾರಾಟಕ್ಕಿಟ್ಟಿತು. ಯಂತ್ರದಲ್ಲಿ ಒಂದು ಸೀಳು. ಬೇರೆ ಬೇರೆ ಆಟದ ಡಬ್ಬಿಗಳನ್ನು ಅದರಲ್ಲಿ ತುರುಕಬೇಕು. ನಾವು ಈ ದೇಶದಲ್ಲಿ ಇದಕ್ಕೆ ಕ್ಯಾಸೆಟ್ ಎಂದೆವು. ಮೊದಲ ವರ್ಷಗಳಲ್ಲಿ ಅದರ ವ್ಯಾಪಾರ ಸಾಧಾರಣವಾಗಿಯೇ ಇತ್ತು. ೧೯೭೮ರಲ್ಲಿ ಜಪಾನಿನ ಟೈಟೋ ಕಂಪನಿ, ಆಕಾಶದಿಂದ ಸಾಲುಸಾಲಾಗಿ ಇಳಿಯುವ ಅನ್ಯಲೋಕದ ಜೀವಿಗಳನ್ನು ಹೊಡೆದುರುಳಿಸುವ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟವನ್ನು ಮಾಡಿತ್ತು. ಅದಕ್ಕಾಗಿ ಜನ ಅಂಗಡಿಗಳಲ್ಲಿ ನಾಣ್ಯ ಹಾಕಿ ಸರದಿ ನಿಲ್ಲುತ್ತಿದ್ದರು. ೧೯೮೦ರಲ್ಲಿ ಅಟಾರಿ ಆ ಆಟವನ್ನು ತನ್ನ ಮನೆಯಂತ್ರಕ್ಕೆ ತಂದಿತು. ಆ ಒಂದು ಆಟಕ್ಕಾಗಿಯೇ ಜನ ಯಂತ್ರ ಕೊಂಡರು. ಮಾರಾಟ ಹಲವು ಪಟ್ಟು ಏರಿತು.

ಅಲ್ಲಿಂದ ಮುಂದೆ ದುರಾಸೆ. ಕಂಡಕಂಡವರೆಲ್ಲ ಆಟ ಮಾಡಿ ಪೇಟೆಗೆ ಸುರಿದರು. ‘ಈ.ಟಿ.’ ಎಂಬ ಪ್ರಸಿದ್ಧ ಚಲನಚಿತ್ರದ ಹೆಸರಿನಲ್ಲಿ ೧೯೮೨ರ ಕ್ರಿಸ್‌ಮಸ್ಸಿಗೆಂದು ಅಟಾರಿ ಒಂದು ಆಟ ತಂದಿತು. ಅದನ್ನು ಸಿದ್ಧಪಡಿಸಲು ಸಿಕ್ಕಿದ್ದು ಐದೇ ವಾರ. ಮಾರಾಟವಾಗದೆ ಉಳಿದ ಸರಕನ್ನು ನ್ಯೂ ಮೆಕ್ಸಿಕೋದ ಆಲಮೊಗಾರ್ಡೋ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತರು. ೨೦೧೪ರಲ್ಲಿ ಅಗೆದು ನೋಡಿದಾಗ ಕ್ಯಾಸೆಟ್ಟುಗಳು ನಿಜವಾಗಿಯೂ ಸಿಕ್ಕವು. ೧೯೮೩ರಿಂದ ಎರಡು ವರ್ಷಗಳಲ್ಲಿ ಅಮೆರಿಕದ ಆ ವ್ಯಾಪಾರ ಸುಮಾರು ೩೦೦ ಕೋಟಿ ಡಾಲರಿನಿಂದ ೧೦ ಕೋಟಿ ಡಾಲರಿನ ಆಸುಪಾಸಿಗೆ ಕುಸಿಯಿತು. ಆಟ ಎತ್ತಿದ ಯಂತ್ರವನ್ನು ಆಟವೇ ಕೆಡವಿತು.

ತೊಡಕು ಎಂದೆನಲ್ಲ, ಅದು ಬರುವುದು ಇಲ್ಲಿ. ಜಪಾನಿನ ನಿಂಟೆಂಡೋ ಕಂಪನಿ ೧೯೮೫ರಲ್ಲಿ ತನ್ನ ಯಂತ್ರವನ್ನು ಅಮೆರಿಕಕ್ಕೆ ಒಯ್ದಾಗ ಆಟಿಗೆ ಅಂಗಡಿಯವರು ‘ವಿಡಿಯೋ ಗೇಮ್’ ಎಂಬ ಹೆಸರು ಕೇಳಿದರೇ ಬಾಗಿಲು ಹಾಕುತ್ತಿದ್ದರು. ಹಿಂದಿನ ಸರಕು ಇನ್ನೂ ಅವರ ಕೋಣೆಗಳಲ್ಲಿ ಕೊಳೆಯುತ್ತಿತ್ತು. ಆಗ ನಿಂಟೆಂಡೋದವರು ಒಂದು ಉಪಾಯ ಹೂಡಿದರು. ಯಂತ್ರದ ಜೊತೆಗೆ ಒಂದು ಪುಟ್ಟ ರೋಬೋಟನ್ನೂ ಒಂದು ಬಂದೂಕನ್ನೂ ಇಟ್ಟರು. ಇದು ವಿಡಿಯೋ ಗೇಮ್ ಅಲ್ಲ, ಹೊಸ ನಮೂನೆಯ ಆಟಿಕೆ ಎಂದರು. ರೋಬೋಟು ಟಿ.ವಿ.ಯ ಪರದೆಯ ಮಿಂಚನ್ನು ಕಣ್ಣಿನಿಂದ ಗ್ರಹಿಸಿ, ನಿಧಾನವಾಗಿ ಕೈ ಆಡಿಸಿ, ಬುಗುರಿಯಂಥ ಚಕ್ರಗಳನ್ನು ಎತ್ತಿಟ್ಟು ಗುಂಡಿ ಒತ್ತುತ್ತಿತ್ತು. ಅಂಗಡಿಯವರು ಮರುಳಾದರು. ಕಪಾಟಿನಲ್ಲಿ ಸ್ಥಳ ಸಿಕ್ಕಿತು.

ಆ ರೋಬೋಟು ಆಡಬಲ್ಲ ಆಟಗಳು ಎಷ್ಟಿದ್ದವು ಬಲ್ಲಿರಾ? ಎರಡು. ಎರಡೇ ಎರಡು! ಸ್ವಲ್ಪ ಕಾಲದಲ್ಲಿ ಅದು ಮೂಲೆ ಸೇರಿತು. ಕಂಪನಿಯವರೂ ಅದನ್ನು ಸದ್ದಿಲ್ಲದೆ ಬಿಟ್ಟುಬಿಟ್ಟರು. ಆದರೆ ಯಂತ್ರ ನಿಲ್ಲಲಿಲ್ಲ. ಏಕೆಂದರೆ ಅಷ್ಟರಲ್ಲಿ ಮಿಯಾಮೊಟೊ ಎಂಬ ಕುಶಲಿ ಮಾಡಿದ, ಮೀಸೆಯ ಕೊಳಾಯಿ ಕೆಲಸಗಾರನ ‘ಸೂಪರ್ ಮಾರಿಯೋ’ ಆಟ ಬಂದಿತ್ತು. ಆ ಆಟದ ೪ ಕೋಟಿಗೂ ಹೆಚ್ಚು ಪ್ರತಿಗಳು ಹೋದವು; ಯಂತ್ರ ಲೋಕದಲ್ಲೆಲ್ಲ ೬ ಕೋಟಿಗೂ ಮಿಕ್ಕಿ ಹೋಯಿತು. ಜೊತೆಸಾಮಾನು ಯಂತ್ರವನ್ನು ಅಂಗಡಿಯ ಬಾಗಿಲು ದಾಟಿಸಿತು. ಜನರ ಮನೆಯ ಬಾಗಿಲು ದಾಟಿಸಿದ್ದು ಆಟ. ಅಂಗಡಿಯವನ ಕಣ್ಣೂ ಕೊಳ್ಳುವವನ ಕಣ್ಣೂ ಒಂದೇ ಅಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ಯಂತ್ರ ಮಾರಿದರೆ ಅಂಗಡಿಯವನಿಗೆ ಉಳಿಯುವುದು ಅತ್ಯಲ್ಪ. ಚಕ್ರ, ಹೆಡ್‌ಫೋನುಗಳಲ್ಲಿ ಉಳಿಯುವುದು ಹೆಚ್ಚು. ಯಂತ್ರ ಮಾಡುವ ಕಂಪನಿಗಳೂ ಎಷ್ಟೋ ಸಲ ಯಂತ್ರವನ್ನು ಅಸಲಿಗೋ ನಷ್ಟಕ್ಕೋ ಕೊಟ್ಟು, ಮುಂದೆ ಮಾರುವ ಪ್ರತಿಯೊಂದು ಆಟದ ಮೇಲೆ ತಮ್ಮ ಪಾಲು ತೆಗೆದುಕೊಳ್ಳುತ್ತವೆ.

ಇನ್ನು ನನ್ನ ಮೂರ್ಖತನದ ಕಥೆ. ೧೯೯೩ರಲ್ಲಿ ನಾವು ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಮಗ ಐದನೇ ಇಯತ್ತೆ. ಆ ಕಾಲದಲ್ಲಿ ನಿಂಟೆಂಡೋ ಯಂತ್ರದ ನಕಲುಗಳು ಈ ದೇಶದ ಪೇಟೆಗಳಲ್ಲಿ ತುಂಬಿದ್ದವು. ಸೀತಾಬರ್ಡಿಯ ಅಂಗಡಿಯೊಂದರಲ್ಲಿ ೧,೪೦೦ ರೂಪಾಯಿಗೆ ಹೆಸರಿಲ್ಲದ ಯಂತ್ರವೊಂದನ್ನು ತಂದೆ. ನನ್ನ ಅರ್ಧ ತಿಂಗಳ ಸಂಬಳಕ್ಕೆ ಸ್ವಲ್ಪವೇ ಕಡಿಮೆ. ನಾನು ಮರುಳಾದದ್ದು ಮಗನಿಗಿಂತ ಮೊದಲು: ಪೆಟ್ಟಿಗೆಯಲ್ಲಿ ಕಪ್ಪು ಬಂದೂಕು ಇತ್ತು. ಎರಡನೇ ರಿಮೋಟು ಬೇಕೋ, ಬಂದೂಕು ಬೇಕೋ ಎಂದು ಅಂಗಡಿಯವನು ಕೇಳಿದಾಗ ಬಂದೂಕೇ ಇರಲಿ ಎಂದೆ. ಮಗ ಏನೋ ಹೇಳಲು ಬಾಯಿ ತೆರೆದಿದ್ದ, ನಾನು ಕೇಳಿಸಿಕೊಳ್ಳಲಿಲ್ಲ.

ಬಂದೂಕಿನ ಯುಕ್ತಿ ಬಹು ಸ್ವಾರಸ್ಯವಾದದ್ದು, ಹೇಳಿಯೇ ಬಿಡುತ್ತೇನೆ. ಪರದೆಯ ಮೇಲೆ ಬಾತುಕೋಳಿ ಹಾರುತ್ತದೆ. ಕುದುರೆ ಒತ್ತಿದರೆ ಬಂದೂಕಿನಿಂದ ಏನೂ ಹೊರಡುವುದಿಲ್ಲ. ಪರದೆ ಕ್ಷಣಮಾತ್ರ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿಯ ಸ್ಥಳದಲ್ಲಿ ಮಾತ್ರ ಒಂದು ಬಿಳಿಯ ಚೌಕ ಮಿಂಚುತ್ತದೆ. ನಮ್ಮ ಕಣ್ಣಿಗೆ ಅದು ಸರಿಯಾಗಿ ಕಾಣದಷ್ಟು ಬೇಗ. ಬಂದೂಕಿನ ನಳಿಗೆಯೊಳಗೆ ಬೆಳಕನ್ನು ಅರಿಯುವ ಒಂದು ಕಣ್ಣಿದೆ. ಗುರಿ ಸರಿಯಿದ್ದರೆ ಅದು ಬಿಳುಪನ್ನು ಕಾಣುತ್ತದೆ. ಏಟು ತಗುಲಿತೆಂದು ಯಂತ್ರ ಲೆಕ್ಕ ಹಿಡಿಯುತ್ತದೆ. ಗುಂಡು ಹೋಗುವುದು ಬಂದೂಕಿನಿಂದ ಪರದೆಗಲ್ಲ, ಪರದೆಯಿಂದ ಬಂದೂಕಿಗೆ! ದಪ್ಪ ಕೊಳವೆಯ ಹಳೆಯ ಟಿ.ವಿ.ಗಳಲ್ಲಿ ಮಾತ್ರ ಇದು ನಡೆಯುತ್ತಿತ್ತು; ಇಂದಿನ ಚಪ್ಪಟೆ ಟಿ.ವಿ.ಗಳ ಮುಂದೆ ಆ ಬಂದೂಕು ಕುರುಡು.

ಇಷ್ಟೆಲ್ಲ ಯುಕ್ತಿಯಿದ್ದರೂ ಎಂಟು ದಿನದಲ್ಲಿ ಬಂದೂಕು ಅಟ್ಟ ಸೇರಿತು. ಎಲ್ಲ ಆಟಕ್ಕೂ ನಡೆಯುತ್ತದೆ ಎಂದು ಅಂಗಡಿಯವನು ಹೇಳಿದ್ದ, ನಡೆದದ್ದು ಎರಡಕ್ಕೆ. ಜೊತೆಗೆ ಕೊಟ್ಟ ಕ್ಯಾಸೆಟ್ಟಿನ ಮೇಲೆ ೯೯೯೯ ಆಟಗಳು ಎಂದು ಅಚ್ಚು ಹಾಕಿತ್ತು. ಲೆಕ್ಕದ ಗುಮಾಸ್ತನಾದ ನಾನು ಒಂದು ರಾತ್ರಿ ಕುಳಿತು ಎಣಿಸಿದೆ. ಏಳು ಆಟಗಳು, ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ. ಆಡಿಟ್ಟಿನಲ್ಲಿ ಇಂಥದನ್ನು ಕಂಡಿದ್ದರೆ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ.

ಒಂದು ತಿಂಗಳು ಯಂತ್ರ ಮೌನವಾಗಿತ್ತು. ನಮ್ಮ ಸಾಲಿನ ಮರಾಠಿ ಹುಡುಗನೊಬ್ಬ ಒಂದು ಭಾನುವಾರ ‘ಕಾಂಟ್ರಾ’ ಎಂಬ ಕ್ಯಾಸೆಟ್ಟನ್ನು ಎಲ್ಲಿಂದಲೋ ತಂದ. ಇಬ್ಬರು ಸಿಪಾಯಿಗಳು ಹೆಗಲೆಣೆಯಾಗಿ ಶತ್ರುಗಳೊಡನೆ ಕಾದುತ್ತ ಮುಂದೆ ಹೋಗುವ ಆಟ ಅದು. ಆದರೆ ನಮ್ಮಲ್ಲಿ ರಿಮೋಟು ಒಂದೇ! ಹುಡುಗರಿಬ್ಬರೂ ನನ್ನ ಮುಖ ನೋಡಿದ ನೋಟ ಇನ್ನೂ ನೆನಪಿದೆ. “ಅಪ್ಪಾ, ಅವತ್ತ ನಾ ಅದನ್ನ ಹೇಳಬೇಕಂತಿದ್ದೆ” ಎಂದ ಮಗ. ಮರುದಿನ ಕಚೇರಿಯಿಂದ ಬರುವಾಗ ಎರಡನೇ ರಿಮೋಟು ತಂದೆ. ಆಮೇಲೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಆಡುವವರು ಇಬ್ಬರು, ನೋಡುವವರು ಎಂಟು ಮಂದಿ. ನಮ್ಮ ಮನೆಯಾಕೆ ಅವಲಕ್ಕಿ ಕಲಸಿ ಕಲಸಿ ಸೋತಳು. ಆ ಬೇಸಗೆಯಲ್ಲಿಯೇ ನಮ್ಮ ಸಾಲಿನ ಇನ್ನೆರಡು ಮನೆಗಳಿಗೆ ಯಂತ್ರ ಬಂತು. ಅವರು ತಂದದ್ದೂ ನಮ್ಮಂಥದನ್ನೇ, ಏಕೆಂದರೆ ಒಬ್ಬರ ಕ್ಯಾಸೆಟ್ ಇನ್ನೊಬ್ಬರ ಯಂತ್ರಕ್ಕೆ ಕೂಡಬೇಕು. ಬಂದೂಕು ಕೇಳಿದವರು ಒಬ್ಬರೂ ಇಲ್ಲ. ನಮ್ಮದನ್ನು ಪುಕ್ಕಟೆ ಕೊಡುತ್ತೇನೆಂದರೂ ಒಲ್ಲೆನೆಂದರು.

ಹಾಗಾದರೆ ಜೊತೆಸಾಮಾನು ಯಂತ್ರವನ್ನು ಮಾರಿದ್ದೇ ಇಲ್ಲವೇ? ಇದೆ, ಇಲ್ಲವೆಂದರೆ ಸುಳ್ಳಾದೀತು. ನಿಂಟೆಂಡೋದವರೇ ೨೦೦೬ರಲ್ಲಿ ‘ವೀ’ ಎಂಬ ಯಂತ್ರ ತಂದರು. ಅದರ ರಿಮೋಟನ್ನು ಕೈಯಲ್ಲಿ ಹಿಡಿದು ಬ್ಯಾಟಿನಂತೆ ಬೀಸಿದರೆ ಪರದೆಯ ಮೇಲಿನ ಗೊಂಬೆಯೂ ಬೀಸುತ್ತದೆ. ಗುಂಡಿಗಳ ಗೊಂದಲವಿಲ್ಲ, ಅಜ್ಜಿಯಂದಿರೂ ಆಡಿದರು. ೧೦ ಕೋಟಿಗೂ ಹೆಚ್ಚು ಯಂತ್ರಗಳು ಹೋದವು. ರಿಮೋಟೇ ಗೆದ್ದಿತಲ್ಲ ಎನ್ನಬಹುದು. ಆದರೆ ಹೆಚ್ಚಿನ ದೇಶಗಳಲ್ಲಿ ಆ ಪೆಟ್ಟಿಗೆಯಲ್ಲಿಯೇ ಟೆನಿಸ್ಸು, ಬೌಲಿಂಗು ಮೊದಲಾದವುಗಳ ಒಂದು ಆಟವನ್ನು ಇಟ್ಟಿದ್ದರು. ರಿಮೋಟು ಯಾತಕ್ಕೆಂದು ಅರ್ಧ ನಿಮಿಷದಲ್ಲಿ ತಿಳಿಸಿಕೊಟ್ಟದ್ದು ಆ ಆಟ. ಅದೇ ಕಂಪನಿ ೨೦೧೨ರಲ್ಲಿ, ಕೈಯಲ್ಲಿ ಹಿಡಿಯುವ ಪರದೆಯೊಂದನ್ನು ಸೇರಿಸಿ ‘ವೀ ಯು’ ಎಂಬ ಯಂತ್ರ ಮಾಡಿತು. ಸಾಮಾನು ಹಿಂದಿನದಕ್ಕಿಂತ ಭಾರಿ. ಅದು ಯಾತಕ್ಕೆ ಬೇಕು ಎಂದು ತೋರಿಸಿಕೊಡುವ ಆಟ ಸಕಾಲಕ್ಕೆ ಬರಲಿಲ್ಲ. ೧ ಕೋಟಿ ೩೬ ಲಕ್ಷದ ಹತ್ತಿರ ನಿಂತುಹೋಯಿತು.

ಮೈಕ್ರೋಸಾಫ್ಟಿನವರ ಪಾಠ ಇನ್ನೂ ದುಬಾರಿ. ೨೦೧೦ರ ನವೆಂಬರಿನಲ್ಲಿ ಅವರು ‘ಕಿನೆಕ್ಟ್’ ಎಂಬ ಕ್ಯಾಮರಾ ಹೊರತಂದರು. ಕೈಯಲ್ಲಿ ಏನೂ ಬೇಡ, ಎದುರಿಗೆ ಕುಣಿದರೆ ಸಾಕು. ಅರವತ್ತೇ ದಿನದಲ್ಲಿ ೮೦ ಲಕ್ಷ ಹೋದವು. ಅಷ್ಟು ವೇಗವಾಗಿ ಮಾರಿದ ವಿದ್ಯುನ್ಮಾನ ಸಾಮಾನು ಇನ್ನೊಂದಿಲ್ಲವೆಂದು ಗಿನ್ನೆಸ್ ದಾಖಲೆಯಾಯಿತು. ಈ ಉಬ್ಬಿನಲ್ಲಿ ೨೦೧೩ರ ತಮ್ಮ ಹೊಸ ಯಂತ್ರದೊಡನೆ ಅದನ್ನು ಕಡ್ಡಾಯವಾಗಿ ಕಟ್ಟಿ ೪೯೯ ಡಾಲರ್ ಬೆಲೆ ಇಟ್ಟರು. ಎದುರಾಳಿ ಸೋನಿ ತನ್ನ ಯಂತ್ರಕ್ಕೆ ಇಟ್ಟದ್ದು ೩೯೯. ಕುಣಿಯುವ ಆಟಗಳು ಆ ವೇಳೆಗೆ ಜನರಿಗೆ ಸಾಕಾಗಿದ್ದವು. ಒಂದು ವರ್ಷ ತುಂಬುವ ಮೊದಲೇ ಕ್ಯಾಮರಾ ಬಿಚ್ಚಿ ಅದೇ ೩೯೯ಕ್ಕೆ ಮಾರತೊಡಗಿದರು. ೨೦೧೭ರಲ್ಲಿ ಅದನ್ನು ಮಾಡುವುದನ್ನೇ ನಿಲ್ಲಿಸಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾತ್ರ ಒಂದು ತಂತಿಯ ಕಥೆ. ‘ಗೇಮ್ ಬಾಯ್’ ಎಂಬ, ಅಂಗೈ ತುಂಬುವ ಯಂತ್ರ ೧೯೮೯ರಲ್ಲಿ ಬಂತು. ಅದಕ್ಕೆ ಇನ್ನೊಂದು ಗೇಮ್ ಬಾಯ್ ಜೋಡಿಸುವ ತಂತಿಯೊಂದಿತ್ತು. ೧೯೯೬ರಲ್ಲಿ ಜಪಾನಿನಲ್ಲಿ ‘ಪೋಕೆಮಾನ್’ ಬಂತು. ಆಟದಲ್ಲಿ ೧೫೦ ವಿಚಿತ್ರ ಪ್ರಾಣಿಗಳನ್ನು ಕೂಡಿಹಾಕಬೇಕು. ಆದರೆ ಆಟವನ್ನು ಎರಡು ಬಣ್ಣದ ಕ್ಯಾಸೆಟ್ಟುಗಳಲ್ಲಿ ತಂದರು. ಕೆಂಪಿನಲ್ಲಿದ್ದ ಕೆಲವು ಪ್ರಾಣಿ ಹಸಿರಿನಲ್ಲಿಲ್ಲ, ಹಸಿರಿನಲ್ಲಿದ್ದವು ಕೆಂಪಿನಲ್ಲಿಲ್ಲ. ಆಟ ಮುಗಿಸಬೇಕಾದರೆ ಗೆಳೆಯನ ಹತ್ತಿರ ಹೋಗಿ ತಂತಿ ಜೋಡಿಸಿ ಅದಲುಬದಲು ಮಾಡಿಕೊಳ್ಳಲೇಬೇಕು. ಗೆಳೆಯನ ಬಳಿಯೂ ಯಂತ್ರವಿರಬೇಕಲ್ಲ! ಮುದಿಯಾಗುತ್ತಿದ್ದ ಯಂತ್ರಕ್ಕೆ ಅದರಿಂದ ಮತ್ತೆ ಹರೆಯ ಬಂತು. ತಂತಿ ಗೆದ್ದದ್ದು ಆಟ ತಂತಿಯನ್ನು ಕೇಳಿದ್ದರಿಂದ. ಮತ್ತು ಆ ತಂತಿಯ ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗ ಇದ್ದದ್ದರಿಂದ. ನನ್ನ ಎರಡನೇ ರಿಮೋಟೂ ಇದೇ ಜಾತಿಯದು. ಬಂದೂಕು ಒಬ್ಬನ ಕೈಯ ಸಾಮಾನು.

ಪರದೇಶದ ಮಾತು ಬಹಳವಾಯಿತು. ನಮ್ಮ ನಾಡಿಗೂ ಇದರಲ್ಲಿ ಪಾಲಿದೆ ಎಂದು ಹೇಳದಿದ್ದರೆ ಕನ್ನಡ ಸಂಘದಲ್ಲಿ ಮಾತಾಡಿದ ಹಾಗಾಗಲಿಲ್ಲ. ೧೯೯೭ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಸಂಸ್ಥೆ ತೆರೆದರು. ಆಟ ಮಾಡುವ ಸಂಸ್ಥೆಗಳಲ್ಲಿ ಭಾರತಕ್ಕೇ ಮೊದಲನೆಯವುಗಳಲ್ಲೊಂದು. ಪರದೇಶದ ದೊಡ್ಡ ಆಟಗಳಿಗೆ ಕಾರು, ಚಿತ್ರ ಮೊದಲಾದವನ್ನು ಅಲ್ಲಿಯ ಹುಡುಗರು ರೂಪಿಸಿಕೊಟ್ಟರು. ೨೦೧೯ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕಂಪನಿ ಕೊಂಡಿತು. ಬೆಂಗಳೂರಿಗೆ ಸಿಕ್ಕ ಕೆಲಸ ಆಟ ಮಾಡುವ ಕೆಲಸ ಎಂಬುದನ್ನು ಗಮನಿಸಿ.

ಹೊಸ ಯಂತ್ರಗಳ ಬೆಲೆ ನಮ್ಮಂಥವರಿಗೆ ನಿಲುಕುವುದು ಕಷ್ಟ. ಸೋನಿಯ ‘ಪ್ಲೇಸ್ಟೇಷನ್ ೫’ ೨೦೨೧ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ೪೯,೯೯೦ ರೂಪಾಯಿ. ಡಿಸ್ಕು ಹಾಕಲು ಬಾರದ ನಮೂನೆಗೆ ೩೯,೯೯೦. ಆಗ ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರವಿತ್ತು. ಡಿಸ್ಕಿದ್ದರೆ ಆಡಿ ಮುಗಿಸಿದ ಆಟವನ್ನು ಮಾರಬಹುದು, ಬದಲಿಸಿಕೊಳ್ಳಬಹುದು. ಹತ್ತು ಸಾವಿರ ಉಳಿಯಿತೆಂದು ಡಿಸ್ಕಿಲ್ಲದ್ದನ್ನು ತಂದವರಿಗೆ ಆ ದಾರಿ ಮುಚ್ಚಿತು. ನಮ್ಮ ಅಜನಿಯ ಹುಡುಗರು ಆ ದಾರಿಯಿಂದಲೇ ನಾಲ್ಕು ಕ್ಯಾಸೆಟ್ಟಿನಲ್ಲಿ ನಲವತ್ತು ಆಟ ಆಡಿದರು. ಇಷ್ಟು ಖರ್ಚು ಬೇಡವೆಂದೇ ನಮ್ಮ ದೇಶದ ಬಹುಮಂದಿ ಮೊಬೈಲಿನಲ್ಲಿ ಆಡುತ್ತಾರೆ. ಅಲ್ಲಿಯೂ ‘ಪಬ್‌ಜಿ’ ಆಡಲು ಬರುವ ಫೋನು ಬೇಕೆಂದು ಹುಡುಗರು ಹಟ ಮಾಡಿದ್ದನ್ನು, ೨೦೨೦ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿದಾಗ ಅತ್ತದ್ದನ್ನು ನೀವೇ ನೋಡಿದ್ದೀರಿ.

ನಮ್ಮ ತರುಣರಿಗೆ ನಾನು ಹೇಳಿದ್ದು ಇಷ್ಟು: ಅಂಗಡಿಗೆ ಹೋಗುವ ಮೊದಲು ಮಗನನ್ನು ಕೂಡಿಸಿಕೊಂಡು, ಯಾವ ಆಟ ಬೇಕು, ಯಾರ ಜೊತೆ ಆಡುತ್ತೀ ಎಂದು ಕೇಳಿರಿ. ನಾನು ೧೯೯೩ರಲ್ಲಿ ಮಾಡದೆ ಬಿಟ್ಟ ಕೆಲಸ ಅದು. ಕಾರಿನ ಆಟ ಒಂದನ್ನೂ ಹೇಳದಿದ್ದರೆ ಚಕ್ರದ ಮಾತು ಬಿಡಿರಿ. ಓಣಿಯ ಗೆಳೆಯರ ಬಳಿ ಹಿಂದಿನ ತಲೆಮಾರಿನ ಯಂತ್ರವಿದ್ದರೆ ಅದನ್ನೇ, ಒಬ್ಬರು ಬಳಸಿ ಮಾರುವುದಾದರೂ ಚಿಂತೆಯಿಲ್ಲ, ಡಿಸ್ಕಿನ ಸೀಳು ನೋಡಿ ತೆಗೆದುಕೊಳ್ಳಿರಿ. ಉಳಿದ ಹಣದಲ್ಲಿ ಎರಡು ಆಟ ಬರುತ್ತವೆ, ಊರಿಗೂ ಕಳಿಸಬಹುದು.

ಅವರು ಮೊನ್ನೆ ಮತ್ತೆ ಬಂದರು. ಮಗ ನೋಟುಬುಕ್ಕಿನ ಹಾಳೆಯೊಂದರಲ್ಲಿ ಪಟ್ಟಿ ಬರೆದುಕೊಟ್ಟಿದ್ದ. ಕ್ರಿಕೆಟ್ಟು, ಫುಟ್‌ಬಾಲು, ಇನ್ನೊಂದು ನನಗೆ ಓದಲು ಬಾರದ ಹೆಸರು. ಚಕ್ರವೂ ಇಲ್ಲ, ಹೆಡ್‌ಫೋನೂ ಇಲ್ಲ. ಕೆಳಗೆ ಪೆನ್ಸಿಲಿನಲ್ಲಿ ‘ರಿಮೋಟ್ — ೨’ ಎಂದಿತ್ತು. ಬರುವ ಭಾನುವಾರ ನಾವಿಬ್ಬರೂ ಸೀತಾಬರ್ಡಿಗೆ ಹೋಗುವವರಿದ್ದೇವೆ. ಇಂಥದೇ ವ್ಯವಹಾರ ಇನ್ನಾರಿಗಾದರೂ ಇದ್ದರೆ ಬೆಳಿಗ್ಗೆ ಹತ್ತಕ್ಕೆ ವಾಚನಾಲಯದ ಮುಂದೆ ನಿಂತಿರಿ. ನಾಲ್ಕು ಜನ ಕೂಡಿ ಹೋದರೆ ಅಂಗಡಿಯವನೂ ಸ್ವಲ್ಪ ಮೆತ್ತಗೆ ಮಾತನಾಡುತ್ತಾನೆ.